ಪದಚರ್ಚೆ: ಪ್ರೋಬಯಾಟಿಕ್‌ಗೆ ‘ಉಪಕಾರಿ ಬ್ಯಾಕ್ಟೀರಿಯಾ’ ಎನ್ನಬಹುದೇ?

ಬಳಗದವರಿಗೆ ನಮಸ್ಕಾರ.

ಕರುಳಿನ ಉರಿಯೂತದ ಕಾಯಿಲೆ ಇರುವವರಿಗಾಗಿ ನಾಲ್ಕು ಪುಟದ ಕನ್ನಡ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಎರಡೂ ಅದರಲ್ಲಿ ಬರುತ್ತವೆ. ರೋಗದ ಹೆಸರು ಕಷ್ಟವಾಗಲಿಲ್ಲ. ‘ಉರಿಯೂತ’ ನಮ್ಮಲ್ಲಿ ಚೆನ್ನಾಗಿ ನೆಲೆಯೂರಿದ ಪದ, ಉರಿಯೂ ಊತವೂ ಒಂದೇ ಉಸಿರಿಗೆ ಬಂದುಬಿಡುತ್ತವೆ. ನಾನು ಸಿಕ್ಕಿಹಾಕಿಕೊಂಡದ್ದು ಔಷಧದ ಜೊತೆ ಕೊಡುವ ಪ್ರೋಬಯಾಟಿಕ್ (ಜೀವಂತ ಸೂಕ್ಷ್ಮಜೀವಿಗಳ) ಪುಡಿಯ ಪುಟದಲ್ಲಿ.

ಮೊದಲ ಕರಡಿನಲ್ಲಿ ‘ಉಪಕಾರಿ ಬ್ಯಾಕ್ಟೀರಿಯಾಗಳ ಪೂರಕ ಆಹಾರ’ ಎಂದು ಬರೆದಿದ್ದೆ. ನೆಂಟರಲ್ಲೇ ಒಬ್ಬ ಹುಡುಗನಿಗೆ ಈ ಕಾಯಿಲೆ ಇದೆ. ಅವನ ತಾಯಿಗೆ ಓದಲು ಕೊಟ್ಟೆ. “ಪೂರಕ ಆಹಾರ ಅಂದ್ರೆ ಅಂಗನವಾಡಿಯಲ್ಲಿ ಕೊಡ್ತಾರಲ್ಲ, ಅದಾ?” ಎಂದರು. ಅವರದೇನೂ ತಪ್ಪಿಲ್ಲ. ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲಿನ ಜೊತೆ ಶುರುಮಾಡುವ ಗಂಜಿಯೂ ಪೂರಕ ಆಹಾರವೇ. ಪದಗಳನ್ನು ತಿರುಗಿಸಿ ‘ಆಹಾರಪೂರಕ’ ಎಂದು ತಿದ್ದಿದೆ. ಆಗ ಅದು ಊಟವಲ್ಲ, ಊಟಕ್ಕೆ ಸೇರಿಸುವ ವಸ್ತು ಎಂಬುದು ನಿಲ್ಲುತ್ತದೆ. ಇದಕ್ಕೆ ಯಾರದೂ ತಕರಾರಿಲ್ಲ ಎಂದುಕೊಂಡಿದ್ದೇನೆ.

ತಕರಾರು ಇರುವುದು ‘ಉಪಕಾರಿ’ಯ ಮೇಲೆ, ಅದೂ ನನ್ನದೇ.

ಪ್ರೋಬಯಾಟಿಕ್ ಎಂಬುದು ಆ್ಯಂಟಿಬಯಾಟಿಕ್‌ಗೆ ಎದುರಾಗಿ ನಿಂತ ಪದ. 1965ರಲ್ಲಿ ಲಿಲಿ ಮತ್ತು ಸ್ಟಿಲ್‌ವೆಲ್ ಎಂಬ ವಿಜ್ಞಾನಿಗಳು ಇದನ್ನು ಬಳಸಿದಾಗ ಅರ್ಥವೇ ಬೇರೆ ಇತ್ತು: ಒಂದು ಸೂಕ್ಷ್ಮಜೀವಿ ಸ್ರವಿಸಿ ಇನ್ನೊಂದರ ಬೆಳವಣಿಗೆಗೆ ನೆರವಾಗುವ ವಸ್ತು. 1974ರ ಹೊತ್ತಿಗೆ ಅದು ಪಶು ಆಹಾರದ ಮಾತಾಯಿತು. ಇವತ್ತಿನ ಅರ್ಥ ಗಟ್ಟಿಯಾದದ್ದು 2001ರಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳು ಅರ್ಜೆಂಟೀನಾದ ಕಾರ್ಡೋಬಾದಲ್ಲಿ ತಜ್ಞರನ್ನು ಕೂಡಿಸಿದಾಗ: ಸಾಕಷ್ಟು ಪ್ರಮಾಣದಲ್ಲಿ ಕೊಟ್ಟರೆ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಜೀವಿ. ‘ಒಳಿತು’ ಆ ವ್ಯಾಖ್ಯೆಯಲ್ಲೇ ಇದೆಯಲ್ಲ, ಹಾಗಾದರೆ ‘ಉಪಕಾರಿ’ಗೆ ಏಕೆ ಆಕ್ಷೇಪ ಎಂದು ನೀವು ಕೇಳಬಹುದು. ವ್ಯಾಖ್ಯೆಯಲ್ಲಿ ಒಳಿತಿಗೆ ಷರತ್ತು ಉಂಟು: ಜೀವಂತವಾಗಿರಬೇಕು, ಸಾಕಷ್ಟು ಇರಬೇಕು. ಕನ್ನಡದ ‘ಉಪಕಾರಿ’ಯಲ್ಲಿ ಷರತ್ತಿಲ್ಲ, ಅದು ಹುಟ್ಟುಗುಣ. ದಾಸಯ್ಯ ಉಪಕಾರಿ ಎಂದರೆ ಯಾರಿಗೆ, ಯಾವಾಗ ಎಂದು ಯಾರೂ ಕೇಳುವುದಿಲ್ಲ.

ಈ ಕಾಯಿಲೆಯಲ್ಲಿ ಕೇಳಲೇಬೇಕು. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಕೆಲವು ತಳಿಗಳಿಗೆ ಪ್ರಯೋಗಗಳ ಬೆಂಬಲ ಒಂದಿಷ್ಟು ಇದೆ. ಲೂಧಿಯಾನದ ವೈದ್ಯರ ಮುಂದಾಳತ್ವದಲ್ಲಿ ನಮ್ಮ ದೇಶದಲ್ಲೇ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಎಂಟು ತಳಿಗಳ ಮಿಶ್ರಣವನ್ನು 12 ವಾರ ಕೊಟ್ಟಾಗ ಶೇ. 42.9 ಜನರಲ್ಲಿ ರೋಗ ಅಡಗಿತು. ಹುಸಿಮದ್ದು (ಪ್ಲಸೀಬೊ) ಪಡೆದವರಲ್ಲಿ ಶೇ. 15.7. ರೋಗಿಗಳು ಒಟ್ಟು 147. ಕ್ರೋನ್ಸ್‌ನಲ್ಲಿ ಅಂಥ ಫಲ ಕಂಡಿಲ್ಲ. ಅಮೆರಿಕದ ಜಠರ–ಕರುಳು ತಜ್ಞರ ಸಂಘವಂತೂ 2020ರಲ್ಲಿ, ಈ ಎರಡೂ ಕಾಯಿಲೆಗಳಿಗೆ ಪ್ರೋಬಯಾಟಿಕ್ ಬಳಕೆ ಸಂಶೋಧನಾ ಪ್ರಯೋಗದ ಚೌಕಟ್ಟಿನೊಳಗಷ್ಟೇ ಇರಲಿ ಎಂದಿತು. ಹೀಗಿರುವಾಗ ಕ್ರೋನ್ಸ್ ಇರುವವನ ಕೈಗೆ ‘ಉಪಕಾರಿ’ ಎಂದು ಬರೆದ ಕೈಪಿಡಿ ಕೊಟ್ಟರೆ, ಇನ್ನೂ ಇತ್ಯರ್ಥವಾಗದ ವಾದಕ್ಕೆ ವಿಶೇಷಣವೇ ತೀರ್ಪು ಕೊಟ್ಟಂತೆ. ನಾಳೆ ಅವನು ಡಾಕ್ಟರು ಬರೆದ, ಉರಿಯೂತ ತಗ್ಗಿಸುವ ಮೆಸಲಮಿನ್ ಔಷಧ ಬಿಟ್ಟು ಈ ಪುಡಿಯನ್ನೇ ನಂಬಿ ಕೂತರೆ?

ಬೇರೆ ಪದಗಳನ್ನೂ ಇಟ್ಟು ನೋಡಿದೆ. ಆ್ಯಂಟಿಬಯಾಟಿಕ್ ಎಂಬುದಕ್ಕೆ ಇರುವ ‘ಪ್ರತಿಜೈವಿಕ’ಕ್ಕೆ ಜೋಡಿಯಾಗಿ ‘ಪರಜೈವಿಕ’. ಪರ–ವಿರೋಧ ಎನ್ನುವಾಗಿನ ‘ಪರ’ ಇದು, ಸರಿ. ಆದರೆ ಪರದೇಶಿ, ಪರಾವಲಂಬಿ, ಪರೋಪಜೀವಿಗಳ ಸಾಲಿನಲ್ಲಿ ಹೋಗಿ ಕೂರುತ್ತದೆ. ಹೊಟ್ಟೆಹುಳಕ್ಕೆ ಹೇಳುವ ಮಾತನ್ನು ಮದ್ದಿಗೆ ಅಂಟಿಸಿದ ಹಾಗೆ. ‘ಸಹಜೀವಿ’ ಎನ್ನೋಣವೆಂದರೆ, ಹೊರಗಿನಿಂದ ನುಂಗಿದ ಈ ಜೀವಿಗಳಲ್ಲಿ ಹೆಚ್ಚಿನವು ಕರುಳಲ್ಲಿ ಕಾಯಂ ನೆಲೆಸುವುದಿಲ್ಲ. ನಾಲ್ಕು ದಿನದ ನೆಂಟರು, ಕೊಡುವುದನ್ನು ನಿಲ್ಲಿಸಿದರೆ ಹೊರಟುಹೋಗುತ್ತವೆ. (ಪತ್ರಿಕೆಗಳಲ್ಲಿ ‘ಸಹಜೀವನ’ಕ್ಕೆ ಈಚೆಗೆ ಬಂದಿರುವ ಅರ್ಥ ಗೊತ್ತೇ ಇದೆ, ಆ ಕಡೆ ಹೋಗುವುದು ಬೇಡ.)

ನನಗೆ ಬಹಳ ಇಷ್ಟವಾಗಿದ್ದದ್ದು ‘ಹೆಪ್ಪುಜೀವಿ’. ಹಾಲಿಗೆ ಹೆಪ್ಪು ಹಾಕುವುದು ಗೊತ್ತಿಲ್ಲದ ಕನ್ನಡದ ಮನೆ ಯಾವುದು? ಜೀವಂತ ಅಂಶವೊಂದು ಪಾತ್ರೆಯಿಂದ ಪಾತ್ರೆಗೆ ಹೋಗಿ ಕೆಲಸ ಮಾಡುವ ಚಿತ್ರ ಒಂದೇ ಪದದಲ್ಲಿ ಮೂಡುತ್ತದೆ. ಗ್ರಹಣಿ ಎಂಬ ಕರುಳಿನ ರೋಗಕ್ಕೆ ಮಜ್ಜಿಗೆ ಶ್ರೇಷ್ಠ ಎಂದು ಚರಕಸಂಹಿತೆಯೇ ಹೇಳುವುದರಿಂದ ಒಂದು ವಂಶಾವಳಿಯೂ ಸಿಕ್ಕಂತಾಯಿತು ಎಂದು ಹಿಗ್ಗಿದ್ದೆ. ಆದರೆ ಎರಡು ಕಡೆ ಎಡವುತ್ತದೆ. ಮನೆಯ ಮೊಸರಿನಲ್ಲಿ ಯಾವ ತಳಿ ಇದೆ, ಎಷ್ಟಿದೆ ಎಂದು ಅಳೆದವರಿಲ್ಲ. ‘ಹೆಪ್ಪುಜೀವಿ’ ಎಂದೊಡನೆ ಮೊಸರನ್ನವೇ ಮದ್ದು ಎಂದಾಗುತ್ತದೆ. ಮೇಲೆ ಹೇಳಿದ ಪ್ರಯೋಗದಲ್ಲಿ ಒಂದು ಹೊತ್ತಿಗೆ ಕೊಟ್ಟದ್ದು 3.6 ಲಕ್ಷ ಕೋಟಿ ಬ್ಯಾಕ್ಟೀರಿಯಾ, ದಿನಕ್ಕೆರಡು ಸಲ. ಬಜೆಟ್ ದಿನ ಬಿಟ್ಟರೆ ಬೇರೆಲ್ಲೂ ಕಿವಿಗೆ ಬೀಳದ ಸಂಖ್ಯೆ! ಇನ್ನೊಂದು ಎಡವು ಇದಕ್ಕಿಂತ ಕೆಟ್ಟದ್ದು. ಕನ್ನಡದಲ್ಲಿ ರಕ್ತವೂ ಹೆಪ್ಪುಗಟ್ಟುತ್ತದೆ. ಈ ಕಾಯಿಲೆಯಲ್ಲಿ ಮಲದಲ್ಲಿ ರಕ್ತ ಹೋಗುತ್ತದೆ, ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಅಪಾಯವೂ ಉಳಿದವರಿಗಿಂತ ಹೆಚ್ಚು. ಅದೇ ಕೈಪಿಡಿಯ ಮೂರನೇ ಪುಟದಲ್ಲಿ ‘ಹೆಪ್ಪು ಕಂಡರೆ ತಕ್ಷಣ ಆಸ್ಪತ್ರೆಗೆ ಬನ್ನಿ’ ಎಂದು ಬರೆದಿದ್ದೇನೆ. ಹೆಪ್ಪುಜೀವಿಯನ್ನು ಮನಸ್ಸಿಲ್ಲದ ಮನಸ್ಸಿನಿಂದ ಕೈಬಿಟ್ಟೆ.

ಈ ಹುಡುಕಾಟದಲ್ಲಿ ಗೆದ್ದ ಪದವೆಂದರೆ ‘ತಳಿ’. ಸ್ಟ್ರೇನ್ ಎಂಬುದಕ್ಕೆ ‘ಪ್ರಭೇದ’ ಬರೆಯುವವರಿದ್ದಾರೆ. ಅದು ಸ್ಪೀಶೀಸ್‌ಗೆ ಸಲ್ಲಬೇಕಾದದ್ದು. ಹಳ್ಳಿಕಾರ್, ಅಮೃತಮಹಲ್ ಎರಡೂ ದನಗಳೇ ಆದರೂ ತಳಿ ಬೇರೆ ಎಂದರೆ ರೈತನಿಗೆ ವಿವರಣೆ ಬೇಕಿಲ್ಲ. ಇ. ಕೋಲೈ ಎಂದರೆ ಭೇದಿ ತರುವ ಕ್ರಿಮಿ ಎಂದೇ ಬಹುಮಂದಿಗೆ ಗೊತ್ತು. ಆದರೆ ಮೊದಲ ಮಹಾಯುದ್ಧದಲ್ಲಿ, ಸುತ್ತಲಿನವರಿಗೆ ಆಮಶಂಕೆ ಹತ್ತಿದರೂ ತನಗೆ ಹತ್ತದೆ ಉಳಿದ ಸೈನಿಕನೊಬ್ಬನ ಮಲದಿಂದ ಜರ್ಮನಿಯ ಫ್ರೈಬುರ್ಗ್‌ನ ಆಲ್ಫ್ರೆಡ್ ನಿಸ್ಲೆ ಬೇರ್ಪಡಿಸಿದ ತಳಿಯೂ ಇ. ಕೋಲೈಯೇ. ‘ನಿಸ್ಲೆ 1917’ ಎಂದು ಅದರ ಹೆಸರು. 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಡಗಿದ ಕೊಲೈಟಿಸ್ ಮರುಕಳಿಸದಂತೆ ತಡೆಯುವುದರಲ್ಲಿ ಅದು ಮೆಸಲಮಿನ್‌ಗೆ ಹೆಚ್ಚುಕಡಿಮೆ ಸಮನಾಗಿ ನಿಂತಿತು: ಒಂದು ವರ್ಷದಲ್ಲಿ ರೋಗ ಮರುಕಳಿಸಿದ್ದು ನಿಸ್ಲೆ ತಳಿ ಪಡೆದವರಲ್ಲಿ ಶೇ. 36.4, ಮೆಸಲಮಿನ್ ಪಡೆದವರಲ್ಲಿ ಶೇ. 33.9. ಜಾತಿ ನೋಡಿ ಉಪಕಾರಿ, ಅಪಕಾರಿ ಎನ್ನಲಾಗದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಇನ್ನು ‘ಬ್ಯಾಕ್ಟೀರಿಯಾ’ ಎಂಬ ಮಾತೂ ಎಲ್ಲ ಕಡೆ ನಡೆಯದು. ಅಂಗಡಿಯಲ್ಲಿ ಸಿಗುವ ಸ್ಯಾಕರೋಮೈಸಿಸ್ ಬೌಲಾರ್ಡೈ ಬ್ಯಾಕ್ಟೀರಿಯಾವೇ ಅಲ್ಲ, ಯೀಸ್ಟ್. ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಎಂಬ ಕೊಳವೆ ಹಾಕಿರುವ ರೋಗಿಗಳಲ್ಲಿ ಅದು ರಕ್ತಕ್ಕೇ ಸೇರಿದ ಪ್ರಕರಣಗಳೂ ದಾಖಲಾಗಿವೆ.

ಸದ್ಯಕ್ಕೆ ಹೀಗೆ ಇಟ್ಟುಕೊಂಡಿದ್ದೇನೆ: ಹೆಸರು ‘ಪ್ರೋಬಯಾಟಿಕ್’ ಎಂದೇ ಇರಲಿ, ಔಷಧದಂಗಡಿಯಲ್ಲಿ ಕೇಳಬೇಕಾದ್ದೂ ಅದೇ ತಾನೆ. ಮೊದಲ ಬಾರಿ ಬರುವಲ್ಲಿ ‘ಆಹಾರಪೂರಕವಾಗಿ ಸೇವಿಸುವ ಜೀವಂತ ಸೂಕ್ಷ್ಮಾಣು’ ಎಂಬ ವಿವರಣೆ. ಫಲದ ಮಾತು ವಾಕ್ಯದಲ್ಲಿ ಬರಲಿ, ಹೆಸರಿನೊಳಗೆ ಬೇಡ. ‘ಸೂಕ್ಷ್ಮಾಣು’ ಎಂದರೆ ರೋಗಾಣುವೇ ಎಂದು ಓದುಗರು ಬೆಚ್ಚುತ್ತಾರೆಯೇ, ‘ಸೂಕ್ಷ್ಮಜೀವಿ’ ಮೇಲೇ? ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ, ತಿಳಿಸಿ.

ಜೊತೆಗೆ ಒಂದು ಉಪಪ್ರಶ್ನೆ. ರೆಮಿಷನ್, ಅಂದರೆ ರೋಗ ಅಡಗಿರುವ ಸ್ಥಿತಿ, ಎಂಬುದಕ್ಕೆ ‘ಉಪಶಮನ’ ಎಂದು ಬರೆದಿದ್ದೆ. ನೋವು ಕಡಿಮೆಯಾದರೂ ಉಪಶಮನವೇ ಆದ್ದರಿಂದ ಅದು ಸಾಲದು. ‘ಗುಣ’ ಎಂದರೆ ಸುಳ್ಳಾಗುತ್ತದೆ. ಆ ಹುಡುಗನ ತಾಯಿ ಕರಡು ವಾಪಸು ಕೊಡುತ್ತ ಅಂದದ್ದು, “ಈಗ ಆರು ತಿಂಗಳಿಂದ ತಣ್ಣಗಿದೆ.” ‘ರೋಗ ತಣ್ಣಗಿರುವ ಅವಧಿ’ ಎಂದು ಅಚ್ಚು ಹಾಕಿಸಿದರೆ ಡಾಕ್ಟರುಗಳು ಒಪ್ಪಿಯಾರೇ?