‘ಎಲ್ಲರಿಗೂ ನಮಸ್ತೆ’ ಸರಿಯೆ?

ಪ್ರಶ್ನೆ: ಸಭೆಯ ಆಮಂತ್ರಣವೊಂದು ‘ಎಲ್ಲರಿಗೂ ನಮಸ್ತೆ’ ಎಂದು ಶುರುವಾಗುತ್ತದೆ. ‘ತೇ’ ಅಂದರೆ ‘ನಿನಗೆ’, ಹಲವರಿಗೆ ಹೇಳುವಂತಿಲ್ಲ, ಹಿರಿಯರಿಗಂತೂ ಸಲ್ಲದು ಎಂಬ ಆಕ್ಷೇಪ ಬಂದಿದೆ. ‘ನಮಸ್ಕಾರ’ ಎಂದು ತಿದ್ದಬೇಕೆ? ಬರೆಯುವಾಗ ತೆ ಸರಿಯೋ ತೇ ಸರಿಯೋ?

ಉತ್ತರ: ಬಿಡಿಸಿದರೆ ನಮಃ + ತೇ. ನಮಃ ಇದ್ದಲ್ಲಿ ಚತುರ್ಥಿ ವಿಭಕ್ತಿ, ಅಂದರೆ ‘-ಗೆ’ ಎಂಬ ಅರ್ಥದ ರೂಪ (ಪಾಣಿನಿಯ ವ್ಯಾಕರಣಸೂತ್ರ 2.3.16). ತೇ ಎಂಬುದು ‘ತುಭ್ಯಂ’ ಎಂಬುದರ ಮೊಟಕು ರೂಪ, ಏಕವಚನ. ಇಬ್ಬರಿಗಾದರೆ ವಾಮ್, ಹಲವರಿಗಾದರೆ ವಃ. ಯಜುರ್ವೇದದ ಶಿವಸ್ತುತಿಯಾದ ಶ್ರೀರುದ್ರದ ‘ನಮೋ ಗಣೇಭ್ಯೋ ಗಣಪತಿಭ್ಯಶ್ಚ ವೋ ನಮಃ’ ಎಂಬಲ್ಲಿ ಸಂಧಿಯಿಂದ ‘ವೋ’ ಆಗಿ ಇರುವುದು ಈ ವಃ. ಅದರ ಮೊದಲ ಸಾಲು ‘ನಮಸ್ತೇ ರುದ್ರ ಮನ್ಯವೇ’ಯನ್ನು ಮಾತ್ರ ಇಲ್ಲಿಗೆ ಎಳೆದು ತರಬೇಡಿ: ‘ರುದ್ರನೆ, ನಿನ್ನ ಕೋಪಕ್ಕೆ ನಮನ’ ಎಂಬ ಆ ಮಾತಿನಲ್ಲಿ ತೇ ಷಷ್ಠಿ, ಅಂದರೆ ‘ನಿನ್ನ’.

ಏಕವಚನವಾದ್ದರಿಂದ ಅಗೌರವ ಎಂಬುದು ನಿಲ್ಲುವ ವಾದವಲ್ಲ. ದೇವರನ್ನು ನಾವೂ ‘ನೀನು’ ಎಂದೇ ಕರೆಯುತ್ತೇವಲ್ಲ! ಕನ್ನಡಕ್ಕೆ ಬಂದ ಮೇಲೆ ಅದು ಬಿಡಿಸಲಾಗದ ಒಂದೇ ಪದ. ತೇ ಕುಗ್ಗಿ ತೆ ಆಗಿದೆ. ಕನ್ನಡ ವಾಕ್ಯದಲ್ಲಿ ‘ನಮಸ್ತೆ’ ಸಾಕು, ಶ್ಲೋಕ ಬರೆಯುವಾಗ ‘ನಮಸ್ತೇ’.

ಆದರೂ ಆಮಂತ್ರಣದಲ್ಲಿ ನಾನು ‘ನಮಸ್ಕಾರ’ ಎಂದೇ ತಿದ್ದುತ್ತೇನೆ. ‘ಎಲ್ಲರಿಗೂ’ ಎಂದಾಗಲೇ ಯಾರಿಗೆ ಎಂಬುದು ಬಂತು, ಒಳಗೆ ಇನ್ನೊಂದು ‘ನಿನಗೆ’ ಅಡಗಿ ಕೂತಿರುವುದು ಬಲ್ಲವರ ಕಿವಿಗೆ ತೊಡಕು. ಮೇಲಾಗಿ ನಮಸ್ಕಾರ ಒಂದು ಕೆಲಸದ ಹೆಸರು: ಮಾಡಬಹುದು, ಹಾಕಬಹುದು, ತಿಳಿಸಬಹುದು, ‘ನಮಸ್ಕಾರಗಳು’ ಎನ್ನಬಹುದು. ನಮಸ್ತೆಯನ್ನು ಹೇಳಬಹುದು, ಅಷ್ಟೆ. ‘ಅವರ ಸಹವಾಸಕ್ಕೆ ದೊಡ್ಡ ನಮಸ್ಕಾರ’ ಎನ್ನುವಲ್ಲಿ ನಮಸ್ತೆ ಇಟ್ಟು ನೋಡಿ, ಮಾತೇ ಕೆಡುತ್ತದೆ.

‘ನಮಷ್ಕಾರ’ ಎಂಬ ತಪ್ಪೂ ಆಗಾಗ ಕಾಣುತ್ತದೆ. ವಿಸರ್ಗದ ಹಿಂದೆ ಅಕಾರವಿದ್ದರೆ ಸ್: ನಮಸ್ಕಾರ, ಪುರಸ್ಕಾರ, ತಿರಸ್ಕಾರ. ಇಕಾರ ಉಕಾರಗಳಿದ್ದರೆ ಷ್: ಬಹಿಷ್ಕಾರ, ಆವಿಷ್ಕಾರ, ದುಷ್ಕರ. ಎರಡನೆಯ ಗುಂಪಿನ ರೂಢಿ ಮೊದಲನೆಯದಕ್ಕೆ ಅಂಟಿಕೊಂಡು ಆಗುವ ತಪ್ಪು ಇದು.

ಇನ್ನೊಂದು ಉತ್ತರ: ಮೇಲಿನದಕ್ಕೆ ಒಪ್ಪಿಗೆ. ಆಮಂತ್ರಣ ಬಸವ ಜಯಂತಿಯದಾದರೆ ‘ಶರಣು ಶರಣಾರ್ಥಿ’ ಎಂದೇ ಇರಲಿ. ಅದು ಹಿಂದಿಗೆ ಅನುವಾದವಾಗುವುದಿದ್ದರೆ ಮಾತ್ರ ಎಚ್ಚರ. ‘ಆಶ್ರಯ ಬೇಡುವವನು’ ಎಂಬ ಮೂಲದ ಅರ್ಥ ನಮ್ಮಲ್ಲಿ ವಂದನೆಯಾಗಿ ಬೆಳೆದರೆ, ಹಿಂದಿಯಲ್ಲಿ ‘ಶರಣಾರ್ಥಿ’ ಎಂದರೆ ನಿರಾಶ್ರಿತ. ಪದವನ್ನು ಹಾಗೆಯೇ ಉಳಿಸಿದರೆ ಓದುವವರಿಗೆ ಅದು ಪುನರ್ವಸತಿ ಕೇಂದ್ರದ ಕಾಗದವಾಗಿ ಕಂಡೀತು.