ರಜೆಯಲ್ಲಿ ಸಮುದಾಯ ಭವನದ ಆಟ: ಮಕ್ಕಳು ಕಲಿಯೋದೇನು?

ನಿಟುವಳ್ಳಿ ನಿವಾಸಿ:
ದಾವಣಗೆರೆಯ ನಮ್ಮ ಬಡಾವಣೆಯ ಸಮುದಾಯ ಭವನವನ್ನ ಏಪ್ರಿಲ್‌-ಮೇ ರಜೆಯಲ್ಲಿ ಸಂಜೆ ಎರಡು ತಾಸು ಮಕ್ಕಳಿಗೆ ಬಿಡೋದು ಅಂತಾಗಿದೆ. 5ರಿಂದ 12 ವರ್ಷದ ಇಪ್ಪತ್ತು ಮಕ್ಕಳು. ಕೆಲವರು "ಬರೀ ಆಟ ಯಾಕೆ, ಅಬಾಕಸ್ ಕ್ಲಾಸ್ ಇಡ್ರಿ" ಅಂತಿದಾರೆ. ಆಟದಿಂದ ನಿಜಕ್ಕೂ ಏನು ಕಲೀತಾರೆ? ಯಾವ ಆಟ ಆಡಿಸೋದು? ತಿಳಿದವರು ಹೇಳ್ರಿ.

ದುರ್ಗದ ಪಿಟಿ ಮೇಷ್ಟ್ರು:
ಲೆಕ್ಕವೇ ಬೇಕಂದ್ರೆ ಚೌಕಾಬಾರ ಆಡಿಸ್ರಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೈದು, 25 ಮನೆ. ನಾಲ್ಕೂ ಬದಿಯ ನಡುಮನೆಗೆ, ಮಧ್ಯದ ಮನೆಗೆ ಕತ್ತರಿ ಗೆರೆ. ಅಲ್ಲಿ ಕೂತ ಕಾಯಿ ಕಡಿಯೋ ಹಾಗಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ, ಹಾಕೋಕೆ ನಾಲ್ಕು ಕವಡೆ. ಕವಡೆ ಸಿಗದಿದ್ರೆ ಹುಣಸೆಬೀಜದ ಒಂದು ಬದಿ ಬಿಳಿ ಕಾಣೋ ತನಕ ಕಲ್ಲಿಗೆ ತೇಯ್ರಿ. ಬಿಳಿ ಬಿದ್ದಷ್ಟು ಮನೆ ನಡೆ. ನಾಲ್ಕೂ ಬಿಳಿಯಾದ್ರೆ ನಾಲ್ಕು, ನಾಲ್ಕೂ ಕಪ್ಪಾದ್ರೆ ಎಂಟು, ಎರಡಕ್ಕೂ ಇನ್ನೊಂದಾಟ.

ಮೊದಮೊದಲು ಚಿಕ್ಕವರು ಮನೆಮನೆಗೂ ಬೆರಳಿಟ್ಟು ಎಣಿಸ್ತಾರೆ. ಆಡ್ತಾ ಆಡ್ತಾ ಕಣ್ಣಲ್ಲೇ ಎಣಿಸಿ, ಯಾವ ಕಾಯಿ ನಡೆಸಿದ್ರೆ ಕಡಿಸಿಕೊಳ್ಳಲ್ಲ ಅಂತ ಯೋಚಿಸ್ತಾರೆ. ಪಕ್ಕದಲ್ಲಿ ಕೂತ ದೊಡ್ಡವರು "ಆ ಕಾಯಿ ನಡೆಸು" ಅಂದ್ರೆ ಮಾತ್ರ ಈ ಕಲಿಕೆ ಅಲ್ಲಿಗೇ ಕೆಟ್ಟಿತು. ಇನ್ನೊಂದು, ಒಂದಾದ್ರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗಬಹುದಾ ಅನ್ನೋದು ಮನೆಗೊಂದು ಥರ ಇರುತ್ತೆ. ಆಟಕ್ಕೆ ಮೊದಲೇ ಮಕ್ಕಳೇ ತೀರ್ಮಾನಿಸಲಿ.

ಅಂಗನವಾಡಿ ಅಕ್ಕ:
ಮೇಷ್ಟ್ರು ಹೇಳಿದ್ದು ಸರಿ, ಆದ್ರೆ ನನ್ನ ಪ್ರಕಾರ ದೊಡ್ಡ ಪಾಠ ಇರೋದು ಗುಂಪು ಮಾಡೋದ್ರಲ್ಲಿ. ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದ್ರೆ ಕೊನೆಗೆ ಉಳಿದ ಮಗು ಮಾರನೇ ದಿನ ಬರಲ್ಲ. ಅದರ ಬದಲು ಹಳೇ ಪದ್ಧತಿ ಇದೆಯಲ್ಲ, ಸಮಬಲದ ಇಬ್ಬರು ಜೋಡಿಯಾಗಿ ದೂರ ಹೋಗಿ ಗುಟ್ಟಾಗಿ ಹೆಸರು ಇಟ್ಟುಕೊಂಡು ಬಂದು "ಮಾವು ಬೇಕಾ, ಹಲಸು ಬೇಕಾ" ಅಂತ ಕೇಳೋದು, ಅದನ್ನೇ ಮಾಡಿಸ್ರಿ. ನನ್ನ ಬಲಕ್ಕೆ ಸರಿಸಮ ಯಾರು ಅಂತ ಮಗು ತಾನೇ ತೂಗಿ ನೋಡುತ್ತೆ.

ಐದು-ಆರರ ಮಕ್ಕಳನ್ನ ಹೊರಗೆ ಕೂರಿಸಬ್ಯಾಡ್ರಿ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಸೇರಿಸಿಕೊಳ್ಳಲಿ. ಔಟಾಗೋ ಭಯವಿಲ್ಲದೆ ನಿಯಮ ಕಲೀತಾರೆ. ಆದ್ರೆ ನಿಯಮ ಗೊತ್ತಾದ ಮೇಲೂ ಹಾಗೇ ಇಟ್ರೆ ಆ ಮಗುವಿಗೆ ಬೇಜಾರಾಗುತ್ತೆ. "ನಾನೂ ಲೆಕ್ಕಕ್ಕೆ" ಅಂತ ತಾನೇ ಕೇಳಿದ ದಿನ ಸೇರಿಸಿಕೊಳ್ರಿ.

ನಿಟುವಳ್ಳಿ ನಿವಾಸಿ:
ಥ್ಯಾಂಕ್ಸ್ ಅಕ್ಕಾ, ಮೇಷ್ಟ್ರೇ. ಲಗೋರಿ ಒಳಗೆ ಆಡಿಸಬಹುದಾ? ಚೆಂಡು ತಗುಲಿತು, ತಗುಲಿಲ್ಲ ಅಂತ ಜಗಳ ಜಾಸ್ತಿ.

ದುರ್ಗದ ಪಿಟಿ ಮೇಷ್ಟ್ರು:
ಒಳಗೆ ಬ್ಯಾಡ್ರಿ. ನುಣುಪು ಟೈಲ್ಸ್ ಮೇಲೆ ಓಡಿದ್ರೆ ಜಾರ್ತಾರೆ, ಟ್ಯೂಬ್‌ಲೈಟೂ ಉಳಿಯಲ್ಲ. ಬಿಸಿಲು ಇಳಿದ ಮೇಲೆ ಅಂಗಳದಲ್ಲಿ ಆಡಲಿ. ಏಳು ಚಪ್ಪಟೆ ಕಲ್ಲು, ದೊಡ್ಡದು ಕೆಳಗೆ. ಒಡೆದ ಹಂಚಾದ್ರೆ ಅಂಚು ಉಜ್ಜಿಕೊಡ್ರಿ, ಇಲ್ಲಾಂದ್ರೆ ಬೆರಳು ಕುಯ್ಯುತ್ತೆ. ಟೆನಿಸ್ ಚೆಂಡೇ ಸಾಕು, ಸೊಂಟದ ಕೆಳಗೆ ಮಾತ್ರ ಹೊಡೀಬೇಕು.

ಜಗಳಕ್ಕೆ ತಕ್ಷಣ ನುಗ್ಗಬ್ಯಾಡ್ರಿ. ಆಟ ನಿಂತ್ರೆ ಇಬ್ಬರಿಗೂ ನಷ್ಟ ಅಂತ ಗೊತ್ತಿರೋದ್ರಿಂದ ಬಹಳ ಸಲ ಅವರೇ "ಆ ಆಟ ಬಿಡು, ಮತ್ತೆ ಹೊಡಿ" ಅಂತ ಒಪ್ಪಿಕೊಳ್ತಾರೆ. ಕೈ ಎತ್ತಿದ್ರೆ, ಇಲ್ಲಾ ಒಬ್ಬನ ಮೇಲೆ ಎಲ್ಲರೂ ಬಿದ್ರೆ ಮಾತ್ರ ತಡೀರಿ.