ದಿನಕ್ಕೆ 700 ಕ್ಯಾಲೊರಿಯ ಪುಡಿ ಪಥ್ಯ: ನಮ್ಮನೆಯವರು ಶುರು ಮಾಡಿದ್ದಾರೆ, ಮುಂದೇನು?

ಬೆಣ್ಣೆನಗರಿ ಗೃಹಿಣಿ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೀತಿದ್ದೀನಿ. ನಮ್ಮನೆಯವರಿಗೆ 54 ವರ್ಷ, ತೂಕ 98 ಕೆ.ಜಿ., ಎತ್ತರ ಐದಡಿ ಆರಿಂಚು. ಮಂಡಿಪೇಟೆಯಲ್ಲಿ ಅಂಗಡಿ ಇದೆ, ಬೆಳಿಗ್ಗೆ ಗಲ್ಲಾ ಮುಂದೆ ಕೂತರೆ ಏಳೋದು ರಾತ್ರಿಗೇ. ಶುಗರ್ ಬಂದು ನಾಲ್ಕು ವರ್ಷ ಆಯ್ತು. ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಸೇರಿದ ಗುಳಿಗೆ ದಿನಕ್ಕೆ ಎರಡು, ಬಿ.ಪಿ.ಗೆ ಟೆಲ್ಮಿಸಾರ್ಟನ್ ಒಂದು.

ಅಂಗಡಿಗೆ ಬರೋ ಪರಿಚಯದವರೊಬ್ಬರು ಒಂದು ಪುಡಿ ಕೊಟ್ಟಿದ್ದಾರೆ. ಮೂರು ಹೊತ್ತೂ ಅದನ್ನೇ ನೀರಲ್ಲಿ ಕಲಸಿ ಕುಡೀಬೇಕು, ಬೇರೆ ಊಟ ಇಲ್ಲ. ಎಲ್ಲ ಸೇರಿ ದಿನಕ್ಕೆ 700 ಕ್ಯಾಲೊರಿ ಅಂತೆ. ಮೂರು ತಿಂಗಳಲ್ಲಿ 20 ಕೆ.ಜಿ. ಇಳಿಯುತ್ತೆ, ಶುಗರೂ ಹೋಗುತ್ತೆ ಅಂದಿದ್ದಾರೆ. ಹೋದ ವಾರ ಶುರು ಮಾಡಿದ್ರು. ಆಗಲೇ ಮೂರೂವರೆ ಕೆ.ಜಿ. ಇಳಿದಿದೆ, ಅವರಿಗೆ ಖುಷಿಯೋ ಖುಷಿ. ಆದರೆ ನಿನ್ನೆ ಬೆಳಿಗ್ಗೆ ಕುಂದವಾಡ ಕೆರೆ ಹತ್ರ ವಾಕಿಂಗ್ ಮಾಡುವಾಗ ಮೈಯೆಲ್ಲ ಬೆವರಿ, ಕೈ ನಡುಗಿ, ಅಲ್ಲೇ ಕೂತುಬಿಟ್ರು. ಫೋನ್ ಮಾಡಿ ಕೇಳಿದರೆ "ಮೈಯಲ್ಲಿರೋ ವಿಷ ಹೊರಗೆ ಹೋಗ್ತಿದೆ, ಒಳ್ಳೇದೇ" ಅಂದ್ರಂತೆ ಪುಡಿ ಕೊಟ್ಟವರು.

ಇದನ್ನು ಮಾಡಿದವರು ಎರಡು ಮೂರು ವರ್ಷ ಆದಮೇಲೆ ಹೇಗಿರ್ತಾರೆ? ಇಳಿದ ತೂಕ ನಿಲ್ಲುತ್ತಾ? ಮನೇಲಿ ಅಡಿಗೆ ಎರಡು ಬಗೆ ಬೇಡ ಅಂತ ನಾನೂ ಅವರ ಜೊತೆ ಶುರು ಮಾಡೋಣ ಅಂದ್ಕೊಂಡಿದ್ದೆ. ನನಗೆ 51, ತೂಕ 74 ಕೆ.ಜಿ., ಮುಟ್ಟು ನಿಂತು ಎರಡು ವರ್ಷ ಆಗಿದೆ. ತಿಳಿದವರು ದಯವಿಟ್ಟು ಹೇಳಿ.

ಹರಿಹರದವ:

ಅಕ್ಕಾರೆ, ನಾನು ಇಂಥದ್ದೇ ಪಥ್ಯ ಮಾಡಿದೋನು. ತೂಕ ಇಳೀತು, ಸುಳ್ಳು ಹೇಳಲ್ಲ. ಆದ್ರೆ ಮೂರನೇ ತಿಂಗಳಿಗೆ ತಲೆ ಬಾಚಿದ್ರೆ ಬಾಚಣಿಗೆ ತುಂಬ ಕೂದ್ಲು. ಅದಾದ ಮೇಲೆ ಒಂದು ರಾತ್ರಿ ಊಟ ಆಗಿ ಸ್ವಲ್ಪ ಹೊತ್ತಿಗೆ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಕೊಂಡ ನೋವು ಬೆನ್ನಿಗೂ ಹೋಯ್ತು. ಗ್ಯಾಸ್ ಅಂತ ಸೋಡಾ ಕುಡಿದೆ, ಹೋಗ್ಲಿಲ್ಲ. ಸ್ಕ್ಯಾನ್ ಮಾಡಿದ್ರೆ ಪಿತ್ತಕೋಶದ ತುಂಬ ಸಣ್ಣ ಸಣ್ಣ ಕಲ್ಲು. ಆಪರೇಷನ್ ಆಯ್ತು. ಕೂದ್ಲು ಮತ್ತೆ ಬಂತು, ಇಳಿದ ತೂಕದಾಗೂ ಅರ್ಧಕ್ಕಿಂತ ಹೆಚ್ಚು ವಾಪಸ್ ಬಂತು. ಅಣ್ಣಾರಿಗೆ ಒಂದ್ಸಾರಿ ಹೊಟ್ಟೆ ಸ್ಕ್ಯಾನ್ ಮಾಡ್ಸಿ.

ಪಥ್ಯದ ಅಕ್ಕ:

ತಂಗೀ, ಮೊದಲು ನಿನ್ನೆಯ ಬೆವರು, ನಡುಕದ ವಿಷಯ. ಎರಡು ಮೂರು ವರ್ಷದ ಮಾತು ಆಮೇಲೆ ಆಡೋಣ.

ನಾನು ಇದೇ ಊರಿನ ಆಸ್ಪತ್ರೆಯಲ್ಲಿ ಬಹಳ ವರ್ಷ ಆಹಾರ ತಜ್ಞೆಯಾಗಿದ್ದವಳು. ಶುಗರ್ ಗುಳಿಗೆ ನುಂಗುತ್ತಾ ಊಟ ಬಿಟ್ಟವರನ್ನು ಕಂಡಿದ್ದೇನೆ. ನೀವು ಹೇಳಿದ್ದರಲ್ಲಿ "ವಿಷ" ಯಾವುದೂ ಇಲ್ಲ. ಶುಗರ್ ಕೆಳಗೆ ಬಿದ್ದಾಗ ಆಗುವುದೇ ಹೀಗೆ. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಹೊಟ್ಟೆಗೆ ರೊಟ್ಟಿ ಬಿದ್ದಿದೆಯೋ ಬರೀ ಪುಡಿ ನೀರು ಬಿದ್ದಿದೆಯೋ ಅದು ನೋಡುವುದಿಲ್ಲ. ಎರಡು ಸಾವಿರ ಕ್ಯಾಲೊರಿ ತಿನ್ನುತ್ತಿದ್ದಾಗ ಬರೆದುಕೊಟ್ಟ ಗುಳಿಗೆಯನ್ನು 700 ಕ್ಯಾಲೊರಿಯಲ್ಲೂ ಹಾಗೇ ನುಂಗಿದರೆ ನಿನ್ನೆ ಆದದ್ದು ನಾಳೆ ಗಾಡಿ ಓಡಿಸುವಾಗಲೂ ಆಗಬಹುದು. ಮತ್ತೆ ನಡುಕ ಬಂದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿ, ಕಾಲು ಗಂಟೆ ಬಿಟ್ಟು ಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಈ ಗುಳಿಗೆಯ ಪ್ರಭಾವ ಗಂಟೆಗಟ್ಟಲೆ ಇರುತ್ತದೆ, ಒಮ್ಮೆ ಏರಿದ ಶುಗರ್ ಮತ್ತೆ ಇಳಿಯಬಹುದು. ಆದ್ದರಿಂದ ಇವತ್ತೇ, ಈ ಬರಹ ಓದಿ ಮುಗಿಸುವ ಮುಂಚೆಯೇ, ಗುಳಿಗೆ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ. ಬಿ.ಪಿ. ಗುಳಿಗೆಯ ವಿಷಯವೂ ಕೇಳಿ. ಮೊದಲ ವಾರ ಮೈಯಿಂದ ಉಪ್ಪು, ನೀರು ಬಹಳ ಹೋಗುವುದರಿಂದ ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆ.

ಆ ಮೂರೂವರೆ ಕೆ.ಜಿ.ಯಲ್ಲೂ ಬಹಳಷ್ಟು ನೀರೇ. ಪಿತ್ತಜನಕಾಂಗ, ಮಾಂಸಖಂಡಗಳಲ್ಲಿ ಕೂಡಿಟ್ಟ ಸಕ್ಕರೆ ಅಂಶ ಖಾಲಿಯಾಗುವಾಗ ಅದು ಹಿಡಿದಿಟ್ಟ ನೀರೂ ಹೋಗುತ್ತದೆ. ಇದೇ ವೇಗದಲ್ಲಿ ಕೊಬ್ಬು ಇಳಿಯುತ್ತದೆ ಎಂದು ಯಜಮಾನರು ಲೆಕ್ಕ ಹಾಕಿಕೊಂಡರೆ ಎರಡನೇ ವಾರವೇ ಬೇಸರವಾಗುತ್ತದೆ.

ಇನ್ನು ನಿಮ್ಮ ಪ್ರಶ್ನೆ. ದಿನಕ್ಕೆ 800 ಕ್ಯಾಲೊರಿ ಅಥವಾ ಅದಕ್ಕಿಂತ ಕಡಿಮೆ ಕೊಡುವ ಪಥ್ಯವನ್ನು ವೈದ್ಯರು ಅತಿ ಕಡಿಮೆ ಕ್ಯಾಲೊರಿ ಪಥ್ಯ ಎನ್ನುತ್ತಾರೆ. ನಮ್ಮ ಊಟದ ಲೆಕ್ಕದಲ್ಲಿ ಅದು ಇಡೀ ದಿನಕ್ಕೆ ನಾಲ್ಕು ಜೋಳದ ರೊಟ್ಟಿ, ಸ್ವಲ್ಪ ಪಲ್ಯ, ಒಂದು ಲೋಟ ಮಜ್ಜಿಗೆ, ಅಷ್ಟೇ. ಅಷ್ಟರಲ್ಲಿ ಪ್ರೋಟೀನು, ವಿಟಮಿನ್ನು, ಖನಿಜ ಎಲ್ಲ ಹೊಂದಿಸಲು ಆಗುವುದಿಲ್ಲ, ಅದಕ್ಕೇ ವಿಶೇಷವಾಗಿ ತಯಾರಿಸಿದ ಪುಡಿಗಳು ಬಂದವು. ಆ ಪುಡಿ ಏನು ಎಂಬುದರ ಮೇಲೆ ಜೀವವೇ ನಿಂತಿದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ದ್ರವ ಪ್ರೋಟೀನ್ ಪಥ್ಯದ ಹುಚ್ಚು ಹಬ್ಬಿತ್ತು. ಅದರಲ್ಲಿ ಇದ್ದದ್ದು ಪ್ರಾಣಿಗಳ ಚರ್ಮ, ಎಲುಬಿನಿಂದ ತೆಗೆದ ಕೀಳುಮಟ್ಟದ ಪ್ರೋಟೀನು. ಸುಮಾರು 60 ಸಾವುಗಳು ವರದಿಯಾದವು. ಹಲವರು ಸತ್ತದ್ದು ಹೃದಯದ ಬಡಿತ ಹಠಾತ್ತನೆ ಲಯ ತಪ್ಪಿ. ಇವತ್ತಿನ ಒಳ್ಳೆಯ ತಯಾರಿಕೆಗಳು ಹಾಗಿಲ್ಲ. ಆದರೂ ಡಬ್ಬದ ಮೇಲೆ ದಿನಕ್ಕೆ ಕನಿಷ್ಠ 70 ಗ್ರಾಂ ಪ್ರೋಟೀನು ಬರುತ್ತದೆಯೇ, ಪೊಟ್ಯಾಸಿಯಂ ಮೆಗ್ನೀಸಿಯಂ ಎಷ್ಟಿದೆ ಎಂದು ಬರೆದಿರಬೇಕು. ಬರೆದಿಲ್ಲದಿದ್ದರೆ ಅದನ್ನು ಇಡೀ ದಿನದ ಊಟವಾಗಿ ಕುಡಿಯಬಾರದು, ಇದರಲ್ಲಿ ನನಗೆ ಎರಡು ಮಾತಿಲ್ಲ. ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇದ್ದರೆ ಸಾಲದು, ಅದು ಚಿಕಿತ್ಸೆಗೆ ಕೊಟ್ಟ ಅನುಮತಿ ಅಲ್ಲ.

ಹರಿಹರದ ತಮ್ಮನಿಗೆ ಆದ ಕಲ್ಲು ಅಪರೂಪವಲ್ಲ. ಕೊಬ್ಬು ಬೇಗ ಕರಗುವಾಗ ಪಿತ್ತರಸಕ್ಕೆ ಕೊಲೆಸ್ಟರಾಲ್ ಹೆಚ್ಚು ಸೇರುತ್ತದೆ. ಊಟದಲ್ಲಿ ಎಣ್ಣೆ ಅಂಶ ಇಲ್ಲದಿದ್ದರೆ ಪಿತ್ತಕೋಶ ಸರಿಯಾಗಿ ಹಿಂಡಿ ಖಾಲಿಯಾಗುವುದಿಲ್ಲ, ಪಿತ್ತರಸ ಒಳಗೇ ನಿಂತು ಗಟ್ಟಿಯಾಗುತ್ತದೆ. ವಾರಕ್ಕೆ ಒಂದೂವರೆ ಕೆ.ಜಿ.ಗಿಂತ ಜೋರಾಗಿ ಇಳಿಯುವವರಿಗೆ ಈ ಅಪಾಯ ಹೆಚ್ಚು. ಇದನ್ನು ತಡೆಯಲು ಪಥ್ಯದಲ್ಲಿ ಸ್ವಲ್ಪ ಕೊಬ್ಬು ಉಳಿಸುತ್ತಾರೆ, ಕೆಲವರಿಗೆ ಡಾಕ್ಟರು ಅರ್ಸೋಡಿಯಾಕ್ಸಿಕೋಲಿಕ್ ಆಮ್ಲದ ಗುಳಿಗೆ ಕೊಡುತ್ತಾರೆ. ಯೂರಿಕ್ ಆಸಿಡ್ ಕೂಡ ಏರುತ್ತದೆ, ಮೊದಲೇ ಹೆಬ್ಬೆರಳಿನ ಗಂಟುನೋವು ಇದ್ದವರಿಗೆ ಅದು ಕೆರಳುತ್ತದೆ.

ಮತ್ತೆ ನೀವು. ದಯವಿಟ್ಟು ಜೊತೆಗೆ ಶುರು ಮಾಡಬೇಡಿ. ಮುಟ್ಟು ನಿಂತ, 45ರಿಂದ 65 ವರ್ಷದ 101 ದಪ್ಪ ಹೆಂಗಸರ ಮೇಲೆ ಸಿಡ್ನಿಯಲ್ಲಿ ಮಾಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ನಾಲ್ಕು ತಿಂಗಳು ಊಟದ ಬದಲು ಇಂಥ ಪುಡಿಗಳ ಮೇಲೆ ಇದ್ದವರ ತೂಕವೇನೋ ಹೆಚ್ಚು ಇಳಿಯಿತು. ಆದರೆ ಮೆಲ್ಲಗೆ ಇಳಿಸಿದವರಿಗೆ ಹೋಲಿಸಿದರೆ ಅವರ ಸೊಂಟದ ಮೂಳೆಯ ಸಾಂದ್ರತೆ ಎರಡೂವರೆ ಪಟ್ಟು ಹೆಚ್ಚು ಕಳೆದಿತ್ತು. ನಮ್ಮ ವಯಸ್ಸಿನ ಹೆಂಗಸರಿಗೆ ಮೂಳೆ ಮೊದಲೇ ಸವೆಯುತ್ತಿರುತ್ತದೆ. 74 ಕೆ.ಜಿ.ಯನ್ನು 68ಕ್ಕೆ ತರಲು ಸೊಂಟದ ಮೂಳೆ ಒತ್ತೆ ಇಡುವುದು ಬೇಡ.

ದುರ್ಗದ ಓದುಗ:

ಅಕ್ಕ ಹೇಳಿದ ಎಚ್ಚರಿಕೆ ಎಲ್ಲ ಸರಿ. ಆದರೆ ಓದಿದವರು ಈ ಪಥ್ಯವೇ ಕೆಟ್ಟದ್ದು ಅಂದ್ಕೋಬಾರದು. ಬ್ರಿಟನ್‌ನಲ್ಲಿ ಇದರಿಂದಲೇ ಶುಗರ್ ಗುಳಿಗೆ ಬಿಟ್ಟವರಿದ್ದಾರೆ. ನಾಲ್ಕು ವರ್ಷದ ಶುಗರ್ ಅಂದರೆ ಅಣ್ಣನಿಗೂ ಅವಕಾಶ ಇದೆ ಅಲ್ವಾ? "ನಿಧಾನಕ್ಕೆ ಇಳಿಸಿ, ಬೇಗ ಇಳಿದದ್ದು ಬೇಗ ಬರುತ್ತೆ" ಅಂತ ಎಲ್ಲರೂ ಹೇಳ್ತಾರೆ, ಅದಕ್ಕೆ ಆಧಾರ ಇದೆಯಾ?

ಪಥ್ಯದ ಅಕ್ಕ:

ಒಳ್ಳೇ ಪ್ರಶ್ನೆ ತಮ್ಮಾ. ಆಧಾರ ಇಲ್ಲ. ಮೆಲ್ಬರ್ನಿನಲ್ಲಿ 200 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 12 ವಾರದಲ್ಲಿ, ಇನ್ನೊಂದಕ್ಕೆ 36 ವಾರದಲ್ಲಿ ತೂಕ ಇಳಿಸಲು ಹೇಳಿದರು. 2014ರಲ್ಲಿ ಬಂದ ಫಲಿತಾಂಶದಲ್ಲಿ ಬೇಗ ಇಳಿಸಿದವರೇ ಹೆಚ್ಚು ಮಂದಿ ಗುರಿ ಮುಟ್ಟಿದ್ದರು. ಸುಮಾರು ಮೂರು ವರ್ಷಕ್ಕೆ ಎರಡೂ ಗುಂಪಿನವರು ಇಳಿಸಿದ್ದರಲ್ಲಿ ಶೇ. 71ರಷ್ಟನ್ನು ಮರಳಿ ಪಡೆದಿದ್ದರು. ವೇಗ ಯಾವುದಾದರೂ ತೂಕ ವಾಪಸ್ ಬರುವುದು ಅಷ್ಟೇ. ಈ ಮಾತನ್ನು ಪುಡಿ ಮಾರುವವರೂ ಹೇಳುವುದಿಲ್ಲ, ಪುಡಿಯನ್ನು ಬೈಯುವವರೂ ಹೇಳುವುದಿಲ್ಲ.

ನೀವು ಹೇಳಿದ ಬ್ರಿಟನ್ ಅಧ್ಯಯನದ ಹೆಸರು ಡೈರೆಕ್ಟ್. ರಾಯ್ ಟೇಲರ್, ಮೈಕ್ ಲೀನ್ ಎಂಬ ವೈದ್ಯರು ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಟೈನ್‌ಸೈಡ್‌ನಲ್ಲಿ ನಡೆಸಿದ್ದು. ಶುಗರ್ ಬಂದು ಆರು ವರ್ಷ ಮೀರದ, ಇನ್ಸುಲಿನ್ ತೆಗೆದುಕೊಳ್ಳದವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 825ರಿಂದ 853 ಕ್ಯಾಲೊರಿ. ಒಂದು ವರ್ಷಕ್ಕೆ ಶೇ. 46 ಜನರ ಶುಗರ್ ಗುಳಿಗೆ ಇಲ್ಲದೆ ಹಿಡಿತಕ್ಕೆ ಬಂತು. 15 ಕೆ.ಜಿ. ಅಥವಾ ಹೆಚ್ಚು ಇಳಿಸಿದವರಲ್ಲಿ ಅದು ಶೇ. 86. ಪಿತ್ತಜನಕಾಂಗದಲ್ಲಿ, ಮೇದೋಜೀರಕದಲ್ಲಿ ಕೂತ ಕೊಬ್ಬು ಕರಗಿದರೆ ಇನ್ಸುಲಿನ್ ಮತ್ತೆ ಕೆಲಸಕ್ಕೆ ಬರುತ್ತದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಶುಗರ್ ಬಂದರೆ ಜೀವನಪೂರ್ತಿ ಎಂದೇ ರೋಗಿಗಳಿಗೆ ಹೇಳುತ್ತಿದ್ದೆವು. ಆ ಲೆಕ್ಕದಲ್ಲಿ ಇದು ಬಹಳ ದೊಡ್ಡ ಸುದ್ದಿ, ನನಗೂ ಸಂತೋಷ ಕೊಟ್ಟ ಸುದ್ದಿ.

ಆದರೆ ಅವರು ಮಾಡಿದ್ದನ್ನು ಪೂರ್ತಿ ನೋಡಿ. ಪಥ್ಯ ಶುರುವಾದ ಮೊದಲ ದಿನವೇ ಶುಗರ್ ಗುಳಿಗೆ, ಬಿ.ಪಿ. ಗುಳಿಗೆ ಎರಡನ್ನೂ ವೈದ್ಯರೇ ನಿಲ್ಲಿಸಿದರು, ಆಮೇಲೆ ನೋಡಿಕೊಂಡು ಬೇಕಾದವರಿಗೆ ಮತ್ತೆ ಕೊಟ್ಟರು. ಮಂಡಿಪೇಟೆಯ ಅಣ್ಣನಿಗೆ ಆಗದೇ ಇದ್ದದ್ದು ಇದೇ. ಪುಡಿ ನಿಲ್ಲಿಸಿದ ಮೇಲೆ ಎರಡರಿಂದ ಎಂಟು ವಾರ ಒಂದೊಂದೇ ಹೊತ್ತಿನ ಊಟ ವಾಪಸ್ ತಂದರು. ಅದಾದ ಮೇಲೂ ಪ್ರತಿ ತಿಂಗಳು ಕರೆದು ತೂಕ ನೋಡಿದರು, ಎರಡು ಕೆ.ಜಿ. ಏರಿದರೂ ಕೆಲವು ವಾರ ಅರ್ಧ ಪಥ್ಯಕ್ಕೆ ಮರಳಿಸಿದರು. ಇಷ್ಟೆಲ್ಲ ಮಾಡಿಯೂ ಎರಡನೇ ವರ್ಷಕ್ಕೆ ಶೇ. 46 ಇದ್ದದ್ದು 36ಕ್ಕೆ ಇಳಿಯಿತು. ಐದು ವರ್ಷದವರೆಗೆ ಮುಂದುವರಿದವರಲ್ಲಿ ಶುಗರ್ ದೂರ ಉಳಿದದ್ದು ಶೇ. 13 ಜನರಿಗೆ, ಸರಾಸರಿ ಇಳಿದೇ ಉಳಿದ ತೂಕ ಆರು ಕೆ.ಜಿ.

ಇದಕ್ಕೆ ಮನುಷ್ಯರ ಚಪಲವನ್ನು ದೂರಬೇಡಿ. ಮೆಲ್ಬರ್ನಿನಲ್ಲೇ 50 ಜನರಿಗೆ ಹತ್ತು ವಾರ ಇಂಥ ಪಥ್ಯ ಕೊಟ್ಟು, ಹಸಿವಿನ ಹಾರ್ಮೋನುಗಳನ್ನು ಅಳೆದರು. 2011ರಲ್ಲಿ ಪ್ರಕಟಿಸಿದರು. ಪಥ್ಯ ಮುಗಿದು ಒಂದು ವರ್ಷ ಆದರೂ ಹಸಿವು ಹುಟ್ಟಿಸುವ ಗ್ರೆಲಿನ್ ಹೆಚ್ಚೇ ಇತ್ತು, ಸಾಕೆನ್ನಿಸುವ ಲೆಪ್ಟಿನ್ ಕಡಿಮೆಯೇ ಇತ್ತು. ಮೈ ಒಂದು ವರ್ಷ ಕಳೆದರೂ ಹೋದ ತೂಕವನ್ನು ಕೇಳುತ್ತಿರುತ್ತದೆ. ಹರಿಹರದ ತಮ್ಮ, ನಿಮಗೆ ವಾಪಸ್ ಬಂದ ತೂಕಕ್ಕೆ ನೀವು ನಾಚಿಕೆಪಡುವಂಥದ್ದು ಏನೂ ಇಲ್ಲ.

ಬೆಣ್ಣೆನಗರಿ ಗೃಹಿಣಿ:

ಅಕ್ಕಾ, ನಿಮ್ಮ ಮೊದಲ ಉತ್ತರ ಓದಿದ ತಕ್ಷಣ ಫೋನ್ ಮಾಡಿದೆ. ಸಂಜೆ ಮೀಟರಿನಲ್ಲಿ ನೋಡಿದರೆ 64 ಇತ್ತು, ಸಕ್ಕರೆ ನೀರು ಕೊಟ್ಟೆ. ಡಾಕ್ಟರು ಗ್ಲಿಮೆಪಿರೈಡ್ ನಿಲ್ಲಿಸಿ ಬರೀ ಮೆಟ್‌ಫಾರ್ಮಿನ್ ಕೊಟ್ಟಿದ್ದಾರೆ, ಬಿ.ಪಿ. ಗುಳಿಗೆ ಅರ್ಧ ಮಾಡಿದ್ದಾರೆ. ಇ.ಸಿ.ಜಿ., ಕಿಡ್ನಿ, ಪೊಟ್ಯಾಸಿಯಂ, ಯೂರಿಕ್ ಆಸಿಡ್ ಎಲ್ಲ ಬರೆದಿದ್ದಾರೆ. ಪುಡಿ ಡಬ್ಬ ತೋರಿಸಿದ್ವಿ, ಮೂರು ಹೊತ್ತು ಸೇರಿ ಪ್ರೋಟೀನು 38 ಗ್ರಾಂ ಮಾತ್ರ. ಅದನ್ನು ಬಿಡಿಸಿದ್ರು. ನಮ್ಮನೆಯವರಿಗೆ ಬೇಜಾರು, ತೂಕ ಇಳಿಸಲೇಬೇಕು ಅಂತ ಹಠ. ರಿಪೋರ್ಟ್ ಬಂದಮೇಲೆ ಸರಿಯಾದ ಪಥ್ಯ ಮಾಡಿಸೋಣ ಅಂದಿದ್ದಾರೆ ಡಾಕ್ಟರು. ಅಲ್ಲಿವರೆಗೆ ಏನು ಊಟ ಕೊಡಲಿ?

ಪಥ್ಯದ ಅಕ್ಕ:

ಮನಸ್ಸು ಹಗುರಾಯಿತು ತಂಗೀ. ಅವರ ಹಠ ಒಳ್ಳೆಯದೇ, ಅದನ್ನು ಮುರಿಯಬೇಡಿ. 98 ಕೆ.ಜಿ.ಗೆ ನಾಲ್ಕು ವರ್ಷದ ಶುಗರ್ ಎಂದರೆ ಪ್ರಯತ್ನಕ್ಕೆ ತಕ್ಕ ಕಾಲ ಇದೇ.

ರಿಪೋರ್ಟ್ ಬರುವವರೆಗೆ ದಿನಕ್ಕೆ 1,300–1,400 ಕ್ಯಾಲೊರಿ ಇರಲಿ. ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ ಅಥವಾ ಹೆಸರುಬೇಳೆ ದೋಸೆ. ಮಧ್ಯಾಹ್ನದ ಡಬ್ಬಿಗೆ ಎರಡು ಜೋಳದ ರೊಟ್ಟಿ, ರೊಟ್ಟಿಗಿಂತ ಹೆಚ್ಚು ಸೊಪ್ಪಿನ ಪಲ್ಯ, ಮೊಳಕೆ ಮಡಿಕೆಕಾಳಿನ ಉಸಳಿ ದೊಡ್ಡ ಬಟ್ಟಲು, ಮೊಸರು. ರಾತ್ರಿ ಎಂಟರೊಳಗೆ ಒಂದು ರೊಟ್ಟಿ, ಗಟ್ಟಿ ಬೇಳೆಸಾರು, ಸೌತೆಕಾಯಿ. ಅಡಿಗೆಗೆ ಎಣ್ಣೆ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ, ಪಿತ್ತಕೋಶಕ್ಕೆ ಅದು ಬೇಕು. ಸಂಜೆ ಅಂಗಡಿಗೆ ತರಿಸುವ ಮಂಡಕ್ಕಿ ಮಿರ್ಚಿಯ ಹೊತ್ತಿಗೆ ನೀವೇ ಹುರಿಗಡಲೆ, ಮಜ್ಜಿಗೆ ಕಳಿಸಿ. ಮಿರ್ಚಿ ಬಿಟ್ಟರೆ ಅರ್ಧ ಯುದ್ಧ ಗೆದ್ದ ಹಾಗೆ. ಇದೇ ಊಟ ನೀವೂ ಮಾಡಬಹುದು, ಒಂದೇ ಅಡಿಗೆ ಸಾಕು.

ಗಲ್ಲಾದಿಂದ ಗಂಟೆಗೊಮ್ಮೆ ಎದ್ದು ಗೋದಾಮಿನವರೆಗೆ ಹೋಗಿ ಬರಲಿ. ತೂಕ ಇಳಿಯುವಾಗ ಮಾಂಸಖಂಡವೂ ಕರಗುತ್ತದೆ, ಅದನ್ನು ಉಳಿಸಲು ವಾಕಿಂಗ್ ಒಂದೇ ಸಾಲದು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು ಕೂರುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ದಿನಕ್ಕೆ ಎರಡು ಹೊತ್ತು ಮಾಡಿಸಿ.

ಡಾಕ್ಟರ ಹತ್ತಿರ ಮತ್ತೆ ಹೋದಾಗ ಒಂದು ಪ್ರಶ್ನೆ ಬರೆದಿಟ್ಟುಕೊಂಡು ಹೋಗಿ: ಮೂರು ತಿಂಗಳ ಪಥ್ಯ ಮುಗಿದ ಮೇಲೆ ನಾಲ್ಕನೇ ತಿಂಗಳಿಂದ ತೂಕ ನೋಡುವವರು ಯಾರು, ಎಷ್ಟು ದಿನಕ್ಕೊಮ್ಮೆ, ಎರಡು ಕೆ.ಜಿ. ಏರಿದರೆ ಏನು ಮಾಡಬೇಕು. ಅದಕ್ಕೆ ಸ್ಪಷ್ಟ ಉತ್ತರ ಸಿಕ್ಕರೆ ಧೈರ್ಯವಾಗಿ ಶುರು ಮಾಡಿಸಿ. ರಿಪೋರ್ಟ್ ಬಂದಾಗ ಕ್ರಿಯಾಟಿನಿನ್, ಯೂರಿಕ್ ಆಸಿಡ್ ಎಷ್ಟು ಬಂತು ಅಂತ ಇಲ್ಲಿ ಬರೆಯಿರಿ, ನಾನು ನೋಡುತ್ತೇನೆ.